ಒಟ್ಟಿಗೆ ಹಾಕುವ ಸುದ್ದಿ

ಮೂರನೆಯ ಪೇಪರನ್ನು ಬಿಡಿಸುವ ಹೊತ್ತಿಗೆ ಜ್ಞಾನೇಶನ ಕೈ ನಿಧಾನವಾಗಿತ್ತು. ತಿಪಟೂರು ಬಸ್ ಸ್ಟ್ಯಾಂಡಿನ ಎದುರು ಅಂಗಡಿಗಳ ಶಟರುಗಳು ಅರ್ಧ ಎದ್ದಿದ್ದವು. ರಾಜಣ್ಣ ಮಾತ್ರ ಆಗಲೇ ಹಲಗೆಯ ಮೇಲೆ ಪೇಪರುಗಳನ್ನು ಜೋಡಿಸಿ ಕೂತಿದ್ದ. ಜ್ಞಾನೇಶ್ ಒಂದೊಂದನ್ನೇ ಎತ್ತಿಕೊಂಡು, ಜಿಲ್ಲಾ ಪುಟಕ್ಕೆ ಹೋಗಿ, ಮೇಲಿನಿಂದ ಕೆಳಗೆ ಕಣ್ಣಾಡಿಸಿ, ಮತ್ತೆ ಮಡಚಿ ಇಡುತ್ತಿದ್ದ.

"ಅದೇನ್ ಅಟ್ಟದ ಮೇಲಿನ ಕಾಯಿ ಅಂದ್ಕಂಡ್ರಾ ಸಾ, ಒಣಗೈತಾ ಅಂತ ಒಂದೊಂದೇ ಎತ್ತಿ ಅಲ್ಲಾಡ್ಸಿ ನೋಡಕ್ಕೆ? ಮಡಿಕೆ ಕೆಟ್ರೆ ಗಿರಾಕಿ ಮುಟ್ಟಲ್ಲ," ಎಂದ ರಾಜಣ್ಣ.

"ಒಂದು ಸುದ್ದಿ ಬರ್ಬೇಕಿತ್ತು ರಾಜಣ್ಣ."

"ಬಂದೈತಲ್ಲ! ನಿಮ್ ಪೇಪರ್ನಾಗೇ ಐತೆ. ಹೆಸ್ರು ಬೇರೆ ಹಾಕವ್ರೆ. ಕಾಫಿ ಕೊಡ್ಸೋದ್ ಬುಟ್ಟು ಮಖ ಯಾಕ್ ಹಂಗ್ ಮಾಡ್ಕಂಡಿದ್ದೀರಾ?"

ಅವನ ಪತ್ರಿಕೆಯಲ್ಲಿ ಸುದ್ದಿ ಪುಟದ ನೆತ್ತಿಯಲ್ಲೇ ಇತ್ತು. ಗಂಧಕದ ಹೊಗೆಗೆ ಕೊಬ್ಬರಿ ಕಾರ್ಮಿಕ ಬಲಿ; ಎದೆನೋವೆಂದು ಮುಚ್ಚಿಟ್ಟ ಮಂಡಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಜ್ಞಾನೇಶ್ ಶೆಟ್ಟಿಕೆರೆ. ತುಮಕೂರಿನ ಆ ಪತ್ರಿಕೆಗೆ ಸುದ್ದಿ ಕಳಿಸತೊಡಗಿದ ದಿನದಿಂದ ಹೀಗೆ ಒಮ್ಮೆ ನೋಡಬೇಕೆಂದು ಅವನು ಆಸೆಪಟ್ಟಿದ್ದ ಹೆಸರು ಅದು. ಈಗ ನೋಡಿದರೆ ಬೇರೆ ಯಾರದೋ ಹೆಸರಿನಂತೆ ಕಾಣುತ್ತಿತ್ತು.

ಉಳಿದ ನಾಲ್ಕು ಪತ್ರಿಕೆಗಳಲ್ಲಿ ಆ ಸುದ್ದಿ ಇರಲಿಲ್ಲ. ನಾಲ್ಕರಲ್ಲೂ ಅದೇ ಪುಟದಲ್ಲಿ, ಅಂಗೈಯಗಲದ ಜಾಹೀರಾತಿನ ಕಪ್ಪು ಚೌಕಟ್ಟಿನೊಳಗೆ ಸತ್ತ ಕಾರ್ಮಿಕ ಲಕ್ಷ್ಮಯ್ಯನ ಫೋಟೋ ಇತ್ತು. 'ನಮ್ಮ ಕುಟುಂಬದ ಸದಸ್ಯರಂತಿದ್ದು ಹೃದಯಾಘಾತದಿಂದ ಅಗಲಿದ ಲಕ್ಷ್ಮಯ್ಯನವರಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಕೆಳಗೆ ಅವನಿಗೆ ಕೆಲಸ ಕೊಟ್ಟಿದ್ದ ವರ್ತಕ ತೋಂಟದಾರ್ಯನ ಕೊಬ್ಬರಿ ಮಂಡಿಯ ಹೆಸರು.

ಜ್ಞಾನೇಶ್ ಫೋಟೋವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದ. ಲಕ್ಷ್ಮಯ್ಯನ ಎಡಭುಜದ ಮೇಲೆ ಮಸುಕಾಗಿ ಎರಡು ಬೆರಳು, ಒಂದು ಮೊಬೈಲಿನ ಅಂಚು. ಗೋಡೆಗೆ ನೇತುಹಾಕಿದ್ದ ಗಾಜಿನ ಫೋಟೋವನ್ನು ಹಾಗೇ ಕ್ಲಿಕ್ಕಿಸಿದಾಗ ಗಾಜಿನಲ್ಲಿ ಮೂಡಿದ ಪ್ರತಿಬಿಂಬ. ಬೆರಳುಗಳು ಅವನವೇ. ಲಕ್ಷ್ಮಯ್ಯನ ಹೆಂಡತಿ ಭೈರಮ್ಮನ ಮನೆಯಲ್ಲಿ ನಿಂತು ಅವನೇ ತೆಗೆದ ಆ ಫೋಟೋ ಇಡೀ ಲೋಕದಲ್ಲಿ ಇದ್ದದ್ದು ಎರಡೇ ಕಡೆ: ಅವನ ಮೊಬೈಲಿನಲ್ಲಿ, ಮತ್ತು ತಾಲ್ಲೂಕಿನ ವರದಿಗಾರರ ವಾಟ್ಸಾಪ್ ಗುಂಪಿನಲ್ಲಿ.

ಲಕ್ಷ್ಮಯ್ಯ ಸತ್ತದ್ದು ಹಿಂದಿನ ವಾರ. ತೋಂಟದಾರ್ಯನ ಮಂಡಿಯ ಹಿಂದೆ ಶೆಡ್ಡು, ಶೆಡ್ಡಿನ ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಬೂಷ್ಟು ಹಿಡಿದು ಕಪ್ಪಾದ ಕೊಬ್ಬರಿಯನ್ನು ಅದರೊಳಗೆ ಹರಡಿ, ಬಾಣಲೆಯಲ್ಲಿ ಗಂಧಕ ಸುಟ್ಟು ಬಾಗಿಲು ಹಾಕಿಬಿಟ್ಟರೆ ಬೆಳಗ್ಗೆಯ ಹೊತ್ತಿಗೆ ಕೊಬ್ಬರಿ ಬೆಳ್ಳಗಾಗುತ್ತದೆ, ಹರಾಜಿನಲ್ಲಿ ಒಳ್ಳೆಯ ಮಾಲಿನ ಜೊತೆ ಕೂರುತ್ತದೆ. ಹಾಗೆ ಮಾಡಬಾರದು ಎಂಬುದು ಮಾಡುವವರಿಗೂ ಗೊತ್ತು. ಬಾಣಲೆಯನ್ನು ಸರಿಪಡಿಸಲು ಲಕ್ಷ್ಮಯ್ಯ ಒಳಗೆ ಹೋಗಿದ್ದಾನೆಂದು ತಿಳಿಯದೆ ಯಾರೋ ಹೊರಗಿನಿಂದ ಚಿಲಕ ಹಾಕಿದರು. ಕೊಬ್ಬರಿ ಒಡೆಯುವ ಸದ್ದಿನಲ್ಲಿ ಅವನು ಬಾಗಿಲು ಬಡಿದದ್ದು ಯಾರಿಗೂ ಕೇಳಿಸಲಿಲ್ಲ. ಬಾಗಿಲು ತೆಗೆದವರು ಉಸಿರು ನಿಂತಿದ್ದ ಅವನನ್ನು ಗೂಡ್ಸ್ ಆಟೋದಲ್ಲಿ, ಶೆಡ್ಡಿನ ಆಳುಗಳಿಗೆ ಮಂಡಿಯವರೇ ಕೊಟ್ಟಿದ್ದ ಸಾಲುಮನೆಗೆ ತಂದು ಚಾಪೆಯ ಮೇಲೆ ಮಲಗಿಸಿ, ಎದೆ ಹಿಡಿದುಕೊಂಡಿತು ಅಂದರು. ಸಂಜೆಯೊಳಗೆ ಮಣ್ಣೂ ಮಾಡಿಸಿದರು.

ಇದನ್ನೆಲ್ಲ ಜ್ಞಾನೇಶನಿಗೆ ಹೇಳಿದವಳು ಭೈರಮ್ಮ. ಅವಳೂ ಅದೇ ಶೆಡ್ಡಿನಲ್ಲಿ ಚಿಪ್ಪು ಒಡೆಯುತ್ತಿದ್ದಳು. "ನನ್ ಹೆಸ್ರು ಬಂದ್ರೆ ಈ ಮನೆನೂ ಇಲ್ಲ, ಕೂಲಿನೂ ಇಲ್ಲ ಕಣಪ್ಪ," ಅಂದಿದ್ದಳು. "ಬರಲ್ಲಮ್ಮ. ನನ್ನ ಹೆಸರೂ ಬರಲ್ಲ. ಐದೂ ಪೇಪರ್ನಲ್ಲಿ ಒಂದೇ ದಿನ ಬರುತ್ತೆ. ಯಾರು ಹೇಳಿದ್ರು, ಯಾರು ಬರೆದ್ರು ಅಂತ ಯಾರಿಗೂ ಗೊತ್ತಾಗಲ್ಲ," ಎಂದು ಅವನು ಭರವಸೆ ಕೊಟ್ಟಿದ್ದ.

ಅದು ತಾಲ್ಲೂಕಿನ ವರದಿಗಾರರು ತಾವೇ ಮಾಡಿಕೊಂಡ ಕಟ್ಟಳೆ. ಕಲಿಸಿದವನು ದಯಾನಂದ್, ಎಲ್ಲರಿಗಿಂತ ಹಿರಿಯ, ತಲೆಯ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡೇ ಓಡಾಡುವವನು. ದೊಡ್ಡವರ ಮೇಲಿನ ಸುದ್ದಿಯಾದರೆ ಯಾರಿಗೆ ಸಿಕ್ಕಿತೋ ಅವರು ಬರೆದು ಗುಂಪಿಗೆ ಹಾಕಬೇಕು. ಉಳಿದವರೂ ಕೇಳಿ ಖಾತ್ರಿ ಮಾಡಿಕೊಳ್ಳಲು ಹೇಳಿದವರ ಹೆಸರು, ನಂಬರು ಕೆಳಗಿರಬೇಕು. ಸಂಜೆ ಎಲ್ಲರೂ ಅದನ್ನೇ ಅಲ್ಲೊಂದು ಇಲ್ಲೊಂದು ಪದ ಬದಲಿಸಿ ಕಳಿಸುತ್ತಾರೆ, ಯಾರ ಹೆಸರೂ ಇಲ್ಲದೆ. "ಒಬ್ಬನ್ ಮನೆಗಾದ್ರೆ ಕಲ್ ಹೊಡೀತಾರೆ ಕಣ್ಲಾ. ಐದು ಮನೆಗೂ ಹೊಡ್ಯಕ್ಕೆ ಅಷ್ಟು ಕಲ್ಲು ಎಲ್ಲಿ ಹುಡುಕ್ತಾರೆ?" ಎಂದು ದಯಾನಂದ್ ನಗುತ್ತಿದ್ದ. ಕೆರೆ ಮಣ್ಣು ಕದ್ದು ಹೊಡೆಯುವವರ ಸುದ್ದಿಯನ್ನು ಹಾಗೇ ಹಾಕಿದ್ದರು, ಏನೂ ಆಗಿರಲಿಲ್ಲ. ಪತ್ರಿಕೆ ಕೊಡುವ ಗುರುತಿನ ಚೀಟಿಯ ಹೊರತು ಹಿಂದೆ ಮುಂದೆ ಏನೂ ಇಲ್ಲದ ಜ್ಞಾನೇಶನಂಥವರಿಗೆ ಆ ಗುಂಪೇ ರಕ್ಷಣೆಯಾಗಿತ್ತು. ಅದನ್ನು ನಂಬಿಯೇ ಅವನು ಭೈರಮ್ಮನ ಹೆಸರನ್ನೂ, ಅವಳ ಗಂಡನ ಫೋಟೋವನ್ನೂ ಅಲ್ಲಿ ಇಟ್ಟಿದ್ದ.

ತುಮಕೂರಿಗೆ ಫೋನ್ ಮಾಡಿದ. ಡೆಸ್ಕಿನವರಿಗೆ ಖುಷಿಯೋ ಖುಷಿ. "ಬೇರೆ ಯಾರೂ ಕಳಿಸಿಲ್ಲ ಅಂತ ನಮಗೆ ರಾತ್ರಿನೇ ಗೊತ್ತಾಯ್ತು ಕಣಪ್ಪ. ನಮ್ಮೊಬ್ಬರದೇ ಸುದ್ದಿ ಅಂದ್ಮೇಲೆ ಹೆಸರಿಲ್ಲದೆ ಹೇಗೆ ಹಾಕೋದು? ಸಂಪಾದಕರೇ ಹಾಕ್ಸಿದ್ರು," ಎಂದರು. ಅವನು ಥ್ಯಾಂಕ್ಸ್ ಅಂದುಬಿಟ್ಟ.

ದಯಾನಂದ್ ಫೋನ್ ಎತ್ತಲಿಲ್ಲ. ತಾಲ್ಲೂಕು ಆಫೀಸಿನ ಪಕ್ಕದ ಟೀ ಅಂಗಡಿಗೆ ಹೋದರೆ ಅಲ್ಲೇ ಕೂತಿದ್ದ, ಎಂದಿನ ಬೆಂಚಿನ ಮೇಲೆ, ಎಂದಿನ ಹಾಗೆ ಬನ್ನನ್ನು ಟೀಯಲ್ಲಿ ಅದ್ದುತ್ತಾ. ಪಕ್ಕದಲ್ಲಿ ಇನ್ನೊಂದು ಪತ್ರಿಕೆಯ ಸೂರ್ಯಪ್ರಕಾಶ್.

"ಬಾರಪ್ಪ ಬಾ, ಹೀರೋ! ಒಳ್ಳೆ ಡಿಸ್ಪ್ಲೇ ಕಣ್ಲಾ. ಇನ್ಮೇಲೆ ನಮ್ಮಂಥೋರ್ನೆಲ್ಲ ಮಾತಾಡಿಸ್ತೀಯೋ ಇಲ್ವೋ," ಎಂದ ದಯಾನಂದ್.

"ನೀವ್ಯಾಕಣ್ಣ ಹಾಕಲಿಲ್ಲ?"

"ನಾನು ಕಳ್ಸಿದ್ದೆ ಮಾರಾಯ. ಡೆಸ್ಕಲ್ಲಿ ಹೋಲ್ಡ್ ಮಾಡವ್ರೆ. ಜಾಗ ಇರ್ಲಿಲ್ವಂತೆ."

"ನಾಲ್ಕೂ ಪೇಪರ್ನಲ್ಲೂ ಜಾಗ ಇರ್ಲಿಲ್ವಾ?"

ದಯಾನಂದ್ ಬನ್ನಿನ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡ. ಸೂರ್ಯಪ್ರಕಾಶ್ ಲೋಟದೊಳಗೆ ನೋಡುತ್ತಿದ್ದವನು ತಲೆಯೆತ್ತದೆ, ತಪ್ಪು ತನ್ನದಲ್ಲ ಎನ್ನುವ ದನಿಯಲ್ಲಿ, "ದಯಣ್ಣ, ಸುದ್ದಿ ಹಾಕೋದ್ ಬ್ಯಾಡ ಅಂತ ಜ್ಞಾನೇಶಂಗೆ ನಾನೇ ಫೋನ್ ಮಾಡಿ ಹೇಳ್ತೀನಿ ಅಂದಿದ್ರಲ್ಲ ನೀವು," ಅಂದ.

ಟೀ ಅಂಗಡಿಯವನು ಸ್ಟೌವಿನ ಉರಿ ತಗ್ಗಿಸಿದ. ಆ ಮಾತು ಬಂದ ಮೇಲೆ ಬೆಂಚಿನ ಮೇಲೆ ಜ್ಞಾನೇಶನೂ ಕೂತಿದ್ದರೂ ಅವರಿಬ್ಬರೇ ಇದ್ದಂತಿತ್ತು.

"ನೆಟ್ವರ್ಕ್ ಸಿಗ್ಲಿಲ್ಲ ನಿಂಗೆ. ಶೆಟ್ಟಿಕೆರೆ ತೋಟದಾಗ್ ಎಲ್ ಸಿಕ್ಕುತ್ತೆ," ಎಂದ ದಯಾನಂದ್ ಕೊನೆಗೆ.

ಜ್ಞಾನೇಶ್ ತನ್ನ ಮೊಬೈಲನ್ನು ನೋಡಲಿಲ್ಲ. ಹಿಂದಿನ ಸಂಜೆ ಅವನು ಮನೆಯ ಜಗಲಿಯ ಮೇಲೆ ಕೂತು ಇದೇ ದಯಾನಂದನ ಜೊತೆ ಸುದ್ದಿಯ ಶೀರ್ಷಿಕೆಯ ಬಗ್ಗೆ ಮಾತಾಡಿದ್ದ. 'ಸೂಪರ್ ಕಣ್ಲಾ, ಬೇಗ ಕಳ್ಸು, ನಾವೂ ಕಳ್ಸ್ತಾ ಇದೀವಿ' ಎಂದು ದಯಾನಂದ್ ಹೇಳಿದ್ದ ದನಿ ಸ್ಪಷ್ಟವಾಗಿಯೇ ಇತ್ತು. ಒಂದು ಪತ್ರಿಕೆಯಲ್ಲಾದರೂ ಬಂದರೆ ತಾನೇ ಉಳಿದವರು ಸುಮ್ಮನಿದ್ದದ್ದು ತೋಂಟದಾರ್ಯನ ಕಣ್ಣಿಗೆ ಬೀಳುವುದು. ಎಲ್ಲರೂ ಸುಮ್ಮನಿದ್ದುಬಿಟ್ಟಿದ್ದರೆ ಆ ಮೌನ ಯಾರಿಗೂ ಕಾಣಿಸುತ್ತಿರಲಿಲ್ಲ, ಅದಕ್ಕೆ ಜಾಹೀರಾತಿನ ಬೆಲೆಯೂ ಸಿಗುತ್ತಿರಲಿಲ್ಲ. ಹೀಗೆಂದು ಅವನಿಗೆ ಹೊಳೆದದ್ದು ಟೀ ಅಂಗಡಿಯಿಂದ ಎದ್ದು ಬೈಕಿನ ಹತ್ತಿರ ಬಂದಾಗ.

ಸಾಲುಮನೆಗೆ ಹೋದರೆ ಭೈರಮ್ಮನ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಪಕ್ಕದ ಮನೆಯವರು ಅವನನ್ನು ಕಂಡದ್ದೇ ಒಳಗೆ ಹೋದರು. ಅವಳು ಸಿಕ್ಕಿದ್ದು ಮತ್ತೆ ಬಸ್ ಸ್ಟ್ಯಾಂಡಿನಲ್ಲಿ, ಹಂದನಕೆರೆಯ ಬಸ್ಸು ನಿಲ್ಲುವ ಜಾಗದಲ್ಲಿ. ಎರಡು ಸೀರೆಗಂಟು, ಒಂದು ಪ್ಲಾಸ್ಟಿಕ್ ಕೊಡ, ಕೊಡದೊಳಗೆ ಪಾತ್ರೆಗಳು. ಗೋಡೆಯ ಮೇಲಿದ್ದ ಗಾಜಿನ ಫೋಟೋವನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು.

"ಎಲ್ಲಿಗಮ್ಮ?"

"ತಂಗಿ ಮನೆಗೆ." ಅವಳು ಅವನತ್ತ ನೋಡಲಿಲ್ಲ. "ಹೆಸ್ರು ಬರಕಿಲ್ಲ ಅಂದಿದ್ಯಲ್ಲಪ್ಪ."

"ನಾನು ಬರೆದಿಲ್ಲ ಭೈರಮ್ಮ. ಪೇಪರ್ ನೋಡು ಬೇಕಾದ್ರೆ, ಎಲ್ಲೂ ಇಲ್ಲ."

"ಪೇಪರ್ನಾಗಿಲ್ಲ. ನಂಗ್ ಓದಕ್ ಬರ್ದಿದ್ರೂ ಅದ್ನ ಇನ್ನೊಬ್ರು ಓದಿ ಹೇಳುದ್ರು. ಹೆಸ್ರು ಮಂಡಿ ಯಜಮಾನ್ರ ಫೋನ್ನಾಗಿತ್ತು. ಯಜಮಾನ್ರು ನನ್ ಮಖದ್ ಮುಂದೆ ಹಿಡುದ್ರು. ಇದ್ ನಿನ್ ಹೆಸ್ರು, ಇದ್ ನಿನ್ ನಂಬ್ರ ಅಂದ್ರು. ನಂಬ್ರ ಗುರ್ತು ಸಿಕ್ತು ನಂಗೆ."

ಅವನು ಅವಳ ಪಕ್ಕದಲ್ಲಿ ಸಿಮೆಂಟು ಕಟ್ಟೆಯ ಮೇಲೆ ಕೂತ. ಆ ಟಿಪ್ಪಣಿ ತಾನು ಬರೆದದ್ದು, ಅದರ ಕೆಳಗೆ ಅವಳ ಹೆಸರು ಹಾಕಿದ್ದು ತಾನು, ಆದರೆ ಅದು ಬೇರೆಯವರಿಗೆಂದು ಅಲ್ಲ, ತನ್ನವರಿಗೆಂದು. ಅದನ್ನು ಅವಳಿಗೆ ಅರ್ಥವಾಗುವ ಹಾಗೆ ಹೇಳಲು ಒಂದು ದಾರಿ ಹುಡುಕಿದ. ತನ್ನವರು ಎನ್ನುವ ಮಾತಿನ ಹತ್ತಿರ ಬಂದಾಗೆಲ್ಲ ವಾಕ್ಯ ಮುರಿಯುತ್ತಿತ್ತು.

"ಸ್ಟೇಷನ್ನಲ್ಲಿ ಬರ್ಕೊಟ್ಟಿದ್ದೀನಿ," ಎಂದಳು ಅವಳೇ. "ಎದೆನೋವು ಬಂದಿತ್ತು ಅಂತ. ಹೆಬ್ಬೆಟ್ ಒತ್ತಿಸ್ಕಂಡ್ರು. ಪೇಪರ್ನೋನು ಯಾವನ್ ಬಂದಿದ್ದ ಹೇಳು ಅಂದ್ರು, ನೀನ್ ಬಂದಿರ್ಲೇ ಇಲ್ಲ ಅಂದೆ."

ಬಸ್ಸು ಬಂತು. ಅವನು ಗಂಟಿಗೆ ಕೈ ಹಾಕಿದ. "ಬುಡಪ್ಪ, ಬ್ಯಾಡ. ಯಾರಾನಾ ನೋಡ್ತಾರೆ," ಎಂದು ಅವಳೇ ಎರಡನ್ನೂ ಎತ್ತಿಕೊಂಡು ಹತ್ತಿದಳು.

ಅವನು ಬಂದಿರಲೇ ಇಲ್ಲ ಎಂದು ಅವಳು ಹೇಳಿದ್ದಳು. ಇಡೀ ಊರಿನಲ್ಲಿ ಅವನ ಹೆಸರನ್ನು ಮುಚ್ಚಿಟ್ಟವಳು ಅವಳೊಬ್ಬಳೇ.

ಮನೆಯಲ್ಲಿ ಅಪ್ಪ ಮಲ್ಲಿಕಾರ್ಜುನಯ್ಯ ಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದರು. ಅವರ ಅಟ್ಟದ ಕೊಬ್ಬರಿ ತೋಂಟದಾರ್ಯನ ಮಂಡಿಗೇ ಹೋಗುತ್ತಿದ್ದದ್ದು, ಅವರ ಅಪ್ಪನ ಕಾಲದಿಂದಲೂ. ಇಬ್ಬರೂ ಒಂದೇ ಮಠದ ಒಕ್ಕಲು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿ ಬಂದವರು. ಅವರು ಬೈಯಬಹುದೆಂದು ಜ್ಞಾನೇಶ್ ಕಾದ. ಅವರು ಕನ್ನಡಕ ತೆಗೆದು, "ಐದೂ ಪೇಪರ್ನಾಗ್ ಬತ್ತದೆ ಅಂದಿದ್ದೆ?" ಎಂದಷ್ಟೇ ಕೇಳಿದರು.

"ಹೂಂ ಅಪ್ಪಾಜಿ."

ಅವರು ಪತ್ರಿಕೆಯನ್ನು ಮಡಚಿ ದೇವರ ಗೂಡಿನ ಪಕ್ಕ ಇಟ್ಟರು. ಆಮೇಲೆ ಎದ್ದು ಹೋಗಿ ಮುಂಬಾಗಿಲಿನ ಚಿಲಕ ಹಾಕಿ ಬಂದರು. ಸಿಟ್ಟು ಮಾಡಿದ್ದರೆ ಜ್ಞಾನೇಶನಿಗೆ ಹಗುರವಾಗುತ್ತಿತ್ತು. ಅವರು ಮಗನ ಪರವಾಗಿ ಹೆದರಿಕೊಂಡಿದ್ದರು.

ಒಂದೆರಡು ದಿನ ಏನೂ ಆಗಲಿಲ್ಲ. ತೋಂಟದಾರ್ಯನ ವಕೀಲರ ನೋಟಿಸು ತುಮಕೂರಿಗೆ ಹೋಯಿತು. "ಸ್ವಲ್ಪ ದಿನ ಏನೂ ಕಳಿಸ್ಬೇಡ, ಎಲ್ಲ ತಣ್ಣಗಾಗ್ಲಿ," ಎಂದು ಸಂಪಾದಕರು ಫೋನಿನಲ್ಲಿ ಹೇಳಿದರು. ಹೆಸರು ಹಾಕಿಸಿದ ವಿಷಯ ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

ಸೋಮವಾರ ಬೆಳಗ್ಗೆ ನೀರು ಬಿಡಲು ತೋಟಕ್ಕೆ ಹೋದ ಪಕ್ಕದ ತೋಟದ ಕೆಂಚಯ್ಯ ಓಡಿ ಬಂದ. "ಅಯ್ನೋರೆ, ಒಂದ್ಗಳಿಗೆ ಬರ್ರಿ. ಅಮ್ಮೋರು ಬರೋದ್ ಬ್ಯಾಡ," ಅಂದ. ಜ್ಞಾನೇಶನ ತಾಯಿ ವಿಮಲಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದಿದ್ದಳು.

ಕೆಂಪುಮೂತಿ ಹುಳ ತಿಂದು ಹಳೆಯ ಮರಗಳು ಹೋದ ಮೇಲೆ ಮಲ್ಲಿಕಾರ್ಜುನಯ್ಯ ಸಸಿ ಇಟ್ಟು ಬೆಳೆಸಿದ ತುಂಡು ಅದು. ಬೇಸಿಗೆಯಲ್ಲಿ ಟ್ಯಾಂಕರಿನ ನೀರು ಹೊಯ್ದು ಕಾಪಾಡಿದ್ದರು. ಮರಗಳು ಇನ್ನೂ ಆಳೆತ್ತರ, ಆ ವರ್ಷವಷ್ಟೇ ಹೊಂಬಾಳೆ ಬಿಟ್ಟಿದ್ದವು. ಈಗ ಸಾಲಿಗೆ ಸಾಲೇ ನೆತ್ತಿ ಇಲ್ಲದೆ ನಿಂತಿತ್ತು. ಹರಿತವಾದ ಮಚ್ಚಿನಲ್ಲಿ ಸುಳಿಯ ಬುಡಕ್ಕೇ ಓರೆಯಾಗಿ ಹೊಡೆದಿದ್ದರು. ಗರಿಗಳು ನೆಲದ ಮೇಲೆ ಇನ್ನೂ ಹಸಿರಾಗಿ ಬಿದ್ದಿದ್ದವು. ತೆಂಗಿಗೆ ಗರಿ ಹೋದರೆ ಮತ್ತೆ ಬರುತ್ತದೆ, ಸುಳಿ ಹೋದರೆ ಏನೂ ಬರುವುದಿಲ್ಲ. ಅಪ್ಪ ಒಂದು ಮರದ ಬೊಡ್ಡೆಗೆ ಕೈಯಿಟ್ಟು, ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ, ಸುಮಾರು ಹೊತ್ತು ನಿಂತರು.

ಪೊಲೀಸಿನವರು ಬಂದು ಅಪರಿಚಿತರು ಎಂದು ಬರೆದುಕೊಂಡು ಹೋದರು. ಅವರ ಜೀಪು ತಿರುವು ದಾಟುವಷ್ಟರಲ್ಲಿ ಇನ್ನೊಂದು ಕಾರು ಬಂದು ನಿಂತಿತು. ಅದರಿಂದ ದಯಾನಂದ್ ಇಳಿದ, ಹಿಂದೆಯೇ ಸೂರ್ಯಪ್ರಕಾಶ್, ಉಳಿದಿಬ್ಬರು. ಎಲ್ಲರೂ ಒಟ್ಟಿಗೇ ಬಂದಿದ್ದರು.

"ಎಂಥಾ ಕೆಲ್ಸ ಮಾಡವ್ರೆ ನೋಡ್ಲಾ ಬೇವರ್ಸಿಗಳು," ಎಂದು ದಯಾನಂದ್ ಬಂದವನೇ ಜ್ಞಾನೇಶನ ಹೆಗಲ ಮೇಲೆ ಕೈಹಾಕಿದ. ಕೈ ಬೆಚ್ಚಗಿತ್ತು. ಅವನ ದನಿಯಲ್ಲಿದ್ದ ನೋವು ನಟನೆಯಾಗಿರಲಿಲ್ಲ. ಅದೇ ಜ್ಞಾನೇಶನಿಗೆ ಎಲ್ಲಕ್ಕಿಂತ ಕಷ್ಟವಾಯಿತು. "ಬುಡಬಾರ್ದು ಕಣ್ಲಾ ಇದ್ನ. ನಾಳೆ ಎಲ್ಲಾ ಪೇಪರ್ನಾಗೂ ಹಾಕ್ತೀವಿ. ಫೋಟೋ ಸಮೇತ. ಪರಿಹಾರ ಕೊಡೋತಂಕ ಬುಡಲ್ಲ. ಯಜಮಾನ್ರೆ, ಆ ಮರದ ಪಕ್ಕ ಬರ್ರಿ. ಟವಲ್ ಹೆಗಲ್ ಮೇಲೇ ಇರ್ಲಿ."

ಮಲ್ಲಿಕಾರ್ಜುನಯ್ಯ ಹೇಳಿದ ಕಡೆ ನಿಂತರು. ನಾಲ್ಕೂ ಮೊಬೈಲುಗಳು ಮೇಲೆದ್ದವು.

ಮನೆಗೆ ಬಂದವರನ್ನು ವಿಮಲಮ್ಮ ಎಂದೂ ಬರಿಬಾಯಲ್ಲಿ ಕಳಿಸಿದವಳಲ್ಲ. ಹಾಲಿರಲಿಲ್ಲ, ಯಾರಿಗೂ ಹಸು ಕರೆಯುವ ನೆನಪಾಗಿರಲಿಲ್ಲ. ಕೆಂಚಯ್ಯ ಕಡಿದು ಬಿದ್ದ ನೆತ್ತಿಗಳನ್ನು ಸೀಳಿ, ಸುಮ್ಮನೆ ಕೊಳೆಯುತ್ತಲ್ಲ ಎಂದು, ಒಳಗಿನ ಬಿಳಿಯ ತಿರುಳನ್ನು ತೆಗೆದು ಗರಿಯ ಮೇಲಿಟ್ಟಿದ್ದ. ಅವಳು ಅದನ್ನೇ ಹೋಳು ಮಾಡಿ ಸ್ಟೀಲಿನ ತಟ್ಟೆಯಲ್ಲಿ ತಂದಿಟ್ಟಳು.

"ಅಯ್ಯೋ, ಇದ್ ಸಿಕ್ಕೋದೇ ಅಪರೂಪ ಕಣಮ್ಮ. ಚಿಕ್ಕೋರಿದ್ದಾಗ ತಿಂದಿದ್ದು," ಎಂದು ಒಬ್ಬ ಎರಡು ಹೋಳು ಎತ್ತಿಕೊಂಡ. ದಯಾನಂದ್ ಒಂದನ್ನು ಕಡಿದ. ಎಳೆಯ ತಿರುಳು ಹಲ್ಲಿಗೆ ಕರಕರ ಎಂದಿತು. "ಏನ್ ಸಿಹಿ ಐತೆ ತಾಯೀ."

"ಮೊದ್ಲ ಹೊಂಬಾಳೆ ಮರ ಕಣಪ್ಪ, ಸಿಹಿ ಇರದೆ ಇನ್ನೇನು," ಎಂದಳು ವಿಮಲಮ್ಮ.

"ಜ್ಞಾನೇಶಾ, ನೀನೇ ಬರ್ದುಬುಡ್ಲಾ. ನಿನ್ ಥರ ಯಾರು ಬರೀತಾರೆ? ಗ್ರೂಪಿಗ್ ಹಾಕು, ಎಲ್ರೂ ಅದ್ನೇ ಕಳಿಸ್ತೀವಿ," ಎಂದ ದಯಾನಂದ್.

ಜ್ಞಾನೇಶ್ ಜಗಲಿಯ ಅಂಚಿನಲ್ಲಿ ಕೂತು ಮೊಬೈಲು ತೆಗೆದ. ಬೆರಳುಗಳು ಅಭ್ಯಾಸಬಲದಿಂದ ತಾವಾಗಿಯೇ ಓಡಿದವು. ಶೆಟ್ಟಿಕೆರೆ: ಗ್ರಾಮದ ರೈತ ಮಲ್ಲಿಕಾರ್ಜುನಯ್ಯ ಅವರ ತೋಟದಲ್ಲಿ ಫಲಕ್ಕೆ ಬಂದಿದ್ದ ಎಳೆಯ ತೆಂಗಿನ ಮರಗಳ ಸುಳಿ ಕತ್ತರಿಸಿ ದುಷ್ಕರ್ಮಿಗಳು ನಾಶಪಡಿಸಿದ್ದಾರೆ. ಅಪ್ಪನನ್ನು ಹೀಗೆ ಹೆಸರು ಹಿಡಿದು, ಬೇರೆ ಊರಿನ ರೈತನಂತೆ ಬರೆಯುವುದು ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಮುಂದೆ, ಕೃತ್ಯಕ್ಕೆ ಕಾರಣ, ಎಂದು ಬರೆದ. ಅಲ್ಲಿ ನಿಲ್ಲಿಸಿದ.

ದಯಾನಂದ್ ಬಗ್ಗಿ ನೋಡಿದ. "ತಿಳಿದುಬಂದಿಲ್ಲ ಅಂತ ಹಾಕು. ಸಾಕು. ಈಗ ಬ್ಯಾರೆ ಏನೂ ಎತ್ತೋದು ಬ್ಯಾಡ. ನಿನ್ ಒಳ್ಳೇದಕ್ಕೇ ಹೇಳ್ತಿರೋದು."

ಜ್ಞಾನೇಶ್ ಎದ್ದು ಮೊಬೈಲನ್ನು ಅವನ ಮುಂದೆ ಹಿಡಿದ. "ಆ ಒಂದು ಮಾತು ನೀವೇ ಬರೀರಿ ಅಣ್ಣ."

"ಏ, ಯಾರ್ ಬರೆದ್ರೆ ಏನ್ಲಾ?"

"ಏನಿಲ್ಲ. ನೀವೇ ಬರೀರಿ."

ಅವನು ದನಿಯೆತ್ತಿರಲಿಲ್ಲ. ದಯಾನಂದನ ಬಲಗೈ ಅಂಟಾಗಿತ್ತು, ಪ್ಯಾಂಟಿಗೆ ಒರೆಸಿಕೊಂಡು ಮೊಬೈಲು ತೆಗೆದುಕೊಂಡ. ಹೆಬ್ಬೆರಳು ಪರದೆಯ ಮೇಲೆ ಬಂದು ಅಲ್ಲೇ ನಿಂತಿತು. ಸೂರ್ಯಪ್ರಕಾಶನ ಬಾಯಿ ಅಗಿಯುವುದನ್ನು ನಿಲ್ಲಿಸಿತ್ತು. ಉಳಿದಿಬ್ಬರಲ್ಲಿ ಒಬ್ಬ ತೋಟದ ಕಡೆ, ಇನ್ನೊಬ್ಬ ತನ್ನ ಚಪ್ಪಲಿಯ ಕಡೆ ನೋಡುತ್ತಿದ್ದರು. ಮಲ್ಲಿಕಾರ್ಜುನಯ್ಯ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು.

"ತಿನ್ರಪ್ಪ, ಯಾಕ್ ಬುಟ್ರಿ? ಹೊತ್ತಾದ್ರೆ ಕೆಂಪಗಾಗುತ್ತೆ," ಎಂದು ವಿಮಲಮ್ಮ ತಟ್ಟೆಯನ್ನು ಅವರತ್ತ ಸರಿಸಿದಳು.

ಯಾರೂ ಕೈ ಚಾಚಲಿಲ್ಲ. ಬಿಸಿಲು ಜಗಲಿ ಏರಿ ತಟ್ಟೆಯವರೆಗೆ ಬಂತು. ಬಿಳಿಯ ಹೋಳುಗಳು ಅಂಚಿನಿಂದ ಒಳಗೆ ನಿಧಾನವಾಗಿ ಬಣ್ಣ ತಿರುಗತೊಡಗಿದ್ದವು.